ಲಂಡನ್ನಿನಲ್ಲಿ ಕಾಲ್ನಡಿಗೆಯ ಮೂರು ದಿನಗಳು

ಇಂದು ನಮ್ಮ ಸಮಾಜದ ಅನೇಕ ಮನೆತನಗಳಲ್ಲಿ ಮಗನೋ ಮಗಳೋ ಪರದೇಶದಲ್ಲಿ ನೆಲೆಸಿರುವುದು ಸಾಮಾನ್ಯ ಸಂಗತಿ. ಅವರನ್ನು ಕಂಡು ಬರಲು ಮನೆಯ ಹಿರಿಯರು ಆಗಾಗ ಹೋಗುತ್ತಾರೆ. ಮಕ್ಕಳು ನೌಕರಿಗೆ ಹೊರಟ ಮೇಲೆ ಕಿಟಕಿಯ ಬಳಿ ಕುಳಿತು ಹೊತ್ತು ಕಳೆಯುತ್ತಾರೆ. ಶನಿವಾರ, ಭಾನುವಾರ ಬಂದಾಗ ಕಾರಿನಲ್ಲಿ ಹೋಗಿ ನಾಲ್ಕು ಪ್ರಸಿದ್ಧ ಕಟ್ಟಡಗಳ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಊರಿಗೆ ಮರಳಿದ ಮೇಲೆ "ಎಲ್ಲ ಚೆನ್ನಾಗಿದೆ, ಆದರೆ ಅಲ್ಲಿ ಹೊತ್ತೇ ಹೋಗುವುದಿಲ್ಲ" ಎನ್ನುತ್ತಾರೆ. ಲಂಡನ್ ನಗರದ ಮಟ್ಟಿಗೆ ಈ ಮಾತು ಸಲ್ಲದು ಎಂಬುದು ನಮ್ಮ ಅನುಭವ. ಆ ಮಹಾನಗರವು ಕಾಲ್ನಡಿಗೆಯವರಿಗೆ ತೆರೆದಿಟ್ಟ ಒಂದು ದೊಡ್ಡ ಗ್ರಂಥ. ಅದನ್ನು ಓದಲು ಅರವತ್ತು ದಾಟಿದ ಕಾಲುಗಳೂ ಸಾಕು. ಅವಸರ ಮಾತ್ರ ಇರಬಾರದು.

2025ರ ಜೂನ್ ತಿಂಗಳಿನಲ್ಲಿ ನಾವು ದಂಪತಿಗಳು ಮಗಳು, ಅಳಿಯಂದಿರ ಮನೆಗೆ ಹೋಗಿದ್ದೆವು. ಅಲ್ಲಿದ್ದ ದಿನಗಳಲ್ಲಿ ಮೂರು ದಿನಗಳನ್ನು ನಡಿಗೆಗೆಂದೇ ಮೀಸಲಿಟ್ಟೆವು. ಆ ಮೂರು ದಿನಗಳಲ್ಲಿ ಕಂಡದ್ದನ್ನು ಓದುಗ ಬಂಧುಗಳ ಮುಂದಿಡುವುದೇ ಈ ಬರಹದ ಉದ್ದೇಶ.

ನಗರ ಪ್ರವೇಶ

ಬೆಂಗಳೂರಿನಿಂದ ಲಂಡನ್ನಿನ ಹೀತ್ರೂ ವಿಮಾನ ನಿಲ್ದಾಣಕ್ಕೆ ನೇರ ವಿಮಾನಗಳಿವೆ. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ಜೂನ್ ತಿಂಗಳಿನಲ್ಲಿ ರಾತ್ರಿ ಒಂಬತ್ತು ಗಂಟೆಯಾದರೂ ಸೂರ್ಯ ಮುಳುಗಿರುವುದಿಲ್ಲ. ಮೊದಲ ದಿನ ಊಟ ಮುಗಿಸಿ ಹೊರಗೆ ನೋಡಿದಾಗ ಬೀದಿಯ ತುಂಬ ಬಿಸಿಲು ಇದ್ದುದನ್ನು ಕಂಡು ನಮಗೆ ಸೋಜಿಗವೆನಿಸಿತು. ನಡೆಯುವವರಿಗೆ ಇಷ್ಟು ದೀರ್ಘವಾದ ಹಗಲು ದೊಡ್ಡ ಅನುಕೂಲ.

"ಅಪ್ಪಾ, ಅವ್ವಾ, ನೀವಿಬ್ಬರೇ ಹೋಗಬೇಡ್ರಿ, ದಾರಿ ತಪ್ಪತೈತಿ" ಎಂದು ಮಗಳು ಎಚ್ಚರಿಸಿದಳು. ಆದರೆ ಆ ನಗರದಲ್ಲಿ ದಾರಿ ತಪ್ಪುವುದು ಅಷ್ಟು ಸುಲಭವಲ್ಲ. ಮುಖ್ಯ ಬೀದಿಗಳ ಮೂಲೆಗಳಲ್ಲಿ ಕಾಲ್ನಡಿಗೆಯವರಿಗೆಂದೇ ನಕ್ಷೆಯ ಫಲಕಗಳಿವೆ. ಅವುಗಳಲ್ಲಿ ಉತ್ತರ ದಿಕ್ಕು ಯಾವಾಗಲೂ ಮೇಲಿರುವುದಿಲ್ಲ. ನಾವು ಯಾವ ಕಡೆಗೆ ಮುಖ ಮಾಡಿ ನಿಂತಿರುವೆವೋ ಆ ಕಡೆಯೇ ನಕ್ಷೆಯ ಮೇಲ್ಭಾಗದಲ್ಲಿರುತ್ತದೆ. ಐದು ನಿಮಿಷದ ನಡಿಗೆಯಲ್ಲಿ ಎಲ್ಲಿಯವರೆಗೆ ಹೋಗಬಹುದು, ಹದಿನೈದು ನಿಮಿಷದಲ್ಲಿ ಎಲ್ಲಿಯವರೆಗೆ ಎಂಬುದನ್ನು ವೃತ್ತ ಎಳೆದು ತೋರಿಸಿರುತ್ತಾರೆ. ಮೊಣಕಾಲು ನೋವಿನವರು ತಮ್ಮ ಶಕ್ತಿಯನ್ನು ಅಳೆದುಕೊಂಡು ಹೊರಡಲು ಇದಕ್ಕಿಂತ ಒಳ್ಳೆಯ ಉಪಾಯ ಬೇರಿಲ್ಲ.

ನೆಲದಡಿಯ ರೈಲಿನ ನಕ್ಷೆಯನ್ನು ಮಾತ್ರ ನಡಿಗೆಗೆ ನಂಬಬಾರದು. 1933ರಲ್ಲಿ ಹ್ಯಾರಿ ಬೆಕ್ ಎಂಬವರ ರಚನೆಯಂತೆ ಪ್ರಕಟವಾದ ಆ ಬಗೆಯ ನಕ್ಷೆಯಲ್ಲಿ ನಿಲ್ದಾಣಗಳ ಕ್ರಮ ಸರಿಯಾಗಿರುತ್ತದೆಯೇ ಹೊರತು ದೂರದ ಅಳತೆ ಅಲ್ಲ. ಲೆಸ್ಟರ್ ಸ್ಕ್ವೇರ್ ಮತ್ತು ಕವೆಂಟ್ ಗಾರ್ಡನ್ ನಿಲ್ದಾಣಗಳ ನಡುವೆ ಇರುವುದು ಸುಮಾರು 260 ಮೀಟರ್ ಮಾತ್ರ. ರೈಲಿಗಾಗಿ ಇಳಿದು ಹತ್ತುವಷ್ಟರಲ್ಲಿ ನಡೆದೇ ತಲುಪಬಹುದು.

ವಾಹನಗಳು ನಮ್ಮಲ್ಲಿಯಂತೆಯೇ ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ. ಕಪ್ಪು ಬಿಳಿ ಪಟ್ಟೆಗಳ ದಾಟುದಾರಿಯಲ್ಲಿ ನಾವು ಕಾಲಿಟ್ಟೊಡನೆ ದೊಡ್ಡ ಬಸ್ಸೂ ನಿಂತುಬಿಡುತ್ತದೆ. ಇಂಥ ಪಟ್ಟೆಗಳು ಅಲ್ಲಿ ಜಾರಿಗೆ ಬಂದದ್ದು 1951ರಲ್ಲಿ. ಪಕ್ಕದಲ್ಲಿ ಮಿನುಗುವ ಹಳದಿ ದೀಪದ ಕಂಬಗಳು ಅದಕ್ಕೂ ಮೊದಲು, 1934ರಲ್ಲಿ ಬಂದವು. ಮೊದಲ ಸಲ ಬಸ್ಸು ನಿಂತಾಗ ನಾವು ಚಾಲಕನಿಗೆ ಕೈಮುಗಿದೆವು. ಆತ ನಕ್ಕು ಕೈಯೆತ್ತಿದ.

ಮೊದಲ ದಿನ: ಅರವಟ್ಟಿಗೆಯೂ ಅಂಚೆಯವರ ತೋಟವೂ

ಹ್ಯಾರೋ ಬಡಾವಣೆಯಿಂದ ಮೆಟ್ರೋಪಾಲಿಟನ್ ಮಾರ್ಗದ ರೈಲು ಹಿಡಿದು ಫ್ಯಾರಿಂಗ್ಡನ್ ನಿಲ್ದಾಣದಲ್ಲಿ ಇಳಿದೆವು. ಜಗತ್ತಿನ ಮೊತ್ತಮೊದಲ ನೆಲದಡಿಯ ರೈಲು 1863ರ ಜನವರಿ 10ರಂದು ಪ್ಯಾಡಿಂಗ್ಟನ್ನಿನಿಂದ ಇದೇ ಫ್ಯಾರಿಂಗ್ಡನ್ನಿಗೆ ಜನರನ್ನು ಹೊತ್ತು ತಂದಿತ್ತು. ಅಲ್ಲಿಂದ ಸ್ವಲ್ಪ ದೂರ ನಡೆದರೆ ಸೇಂಟ್ ಸೆಪಲ್ಕರ್ ಎಂಬ ಪುರಾತನ ಚರ್ಚು ಸಿಗುತ್ತದೆ. ಅದರ ಕಬ್ಬಿಣದ ಬೇಲಿಗೆ ಸೇರಿಸಿ ಕಟ್ಟಿದ ಚಿಕ್ಕ ಕಲ್ಲಿನ ಗೂಡು, ಅದರಲ್ಲಿ ಸರಪಳಿಗೆ ಬಿಗಿದ ಲೋಹದ ಬಟ್ಟಲು. ಕುಡಿದ ಮೇಲೆ ಬಟ್ಟಲನ್ನು ಮರಳಿ ಅಲ್ಲಿಯೇ ಇಡಬೇಕೆಂಬ ಸೂಚನೆಯೂ ಇದೆ. ಇದು ಲಂಡನ್ನಿನ ಮೊದಲ ಸಾರ್ವಜನಿಕ ಕುಡಿಯುವ ನೀರಿನ ಕಾರಂಜಿ. 1859ರ ಏಪ್ರಿಲ್ 21ರಂದು ತೆರೆದದ್ದು. ಸ್ಯಾಮ್ಯುಯೆಲ್ ಗರ್ನಿ ಎಂಬ ಶ್ರೀಮಂತರು ಬಡವರಿಗೆ ಶುದ್ಧ ನೀರು ಧರ್ಮಾರ್ಥವಾಗಿ ಸಿಗಲೆಂದು ಒಂದು ಸಂಘ ಕಟ್ಟಿ ಈ ಕಾರ್ಯವನ್ನು ಆರಂಭಿಸಿದರು. ದಿನಕ್ಕೆ ಏಳು ಸಾವಿರ ಜನರವರೆಗೆ ಇಲ್ಲಿ ನೀರು ಕುಡಿದದ್ದುಂಟಂತೆ. ಬೇಸಿಗೆ ಬಂತೆಂದರೆ ದಾರಿಬದಿಯಲ್ಲಿ ಅರವಟ್ಟಿಗೆ ಇಡುವ ನಾಡಿನಿಂದ ಹೋದ ನಮಗೆ ಆ ಬಟ್ಟಲಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅಲ್ಲಿಂದ ಹತ್ತು ನಿಮಿಷದ ನಡಿಗೆಯಲ್ಲಿ ಪೋಸ್ಟ್‌ಮನ್ಸ್ ಪಾರ್ಕ್ ಇದೆ. ಹತ್ತಿರದ ಅಂಚೆ ಕಚೇರಿಯ ನೌಕರರು ಮಧ್ಯಾಹ್ನ ಇಲ್ಲಿ ಬಂದು ಬುತ್ತಿ ಬಿಚ್ಚುತ್ತಿದ್ದರಾಗಿ ಈ ಹೆಸರು. ಎತ್ತರದ ಕಟ್ಟಡಗಳ ನಡುವೆ ಅಡಗಿರುವ ಈ ತೋಟದ ಒಂದು ಬದಿಗೆ ಮಾಡಿನ ಸೂರು. ಅದರ ಕೆಳಗಿನ ಗೋಡೆಯಲ್ಲಿ ಸಾಲುಸಾಲಾಗಿ ಬಿಲ್ಲೆಗಲ್ಲಿನ ಫಲಕಗಳು. ಜಾರ್ಜ್ ಫ್ರೆಡ್ರಿಕ್ ವಾಟ್ಸ್ ಎಂಬ ಚಿತ್ರಕಾರರ ಆಸೆಯಂತೆ 1900ರಲ್ಲಿ ತೆರೆದ ಈ ಸ್ಮಾರಕದಲ್ಲಿ ರಾಜರ ಹೆಸರಿಲ್ಲ, ಸೇನಾಪತಿಗಳ ಹೆಸರಿಲ್ಲ. ಪರರ ಪ್ರಾಣ ಉಳಿಸಲು ಹೋಗಿ ತಮ್ಮ ಪ್ರಾಣವನ್ನು ಕೊಟ್ಟ ಸಾಮಾನ್ಯ ಜನರ ಹೆಸರುಗಳಷ್ಟೇ ಇವೆ. ಆಲಿಸ್ ಏಯರ್ಸ್ ಎಂಬಾಕೆ ಕೂಲಿಕಾರನೊಬ್ಬನ ಮಗಳು. 1885ರಲ್ಲಿ ಅಕ್ಕನ ಮನೆಗೆ ಬೆಂಕಿ ಬಿದ್ದಾಗ ಕಿಟಕಿಯಿಂದ ಹಾಸಿಗೆಯನ್ನು ಕೆಳಗೆ ಎಸೆದು, ಅದರ ಮೇಲೆ ಅಕ್ಕನ ಮೂವರು ಮಕ್ಕಳನ್ನು ಒಬ್ಬೊಬ್ಬರಾಗಿ ಇಳಿಬಿಟ್ಟು, ಕೊನೆಗೆ ತಾನು ಬಿದ್ದು ಗಾಯಗೊಂಡು ಅಸುನೀಗಿದಳು. ಆಗ ಆಕೆಗೆ ಇಪ್ಪತ್ತೈದು ವರ್ಷ. ಒಂದೊಂದೇ ಫಲಕವನ್ನು ಓದುತ್ತ ಹೋದಂತೆ ನಮ್ಮ ಮಾತು ನಿಂತುಹೋಯಿತು. ಪಕ್ಕದ ಬೆಂಚಿನಲ್ಲಿ ಕಚೇರಿಯ ಹುಡುಗರು ಬುತ್ತಿ ತಿನ್ನುತ್ತಿದ್ದರು.

ಮುಂದೆ ಚೀಪ್‌ಸೈಡ್ ಬೀದಿ. 'ಚೀಪ್' ಎಂದರೆ ಹಳೆಯ ಇಂಗ್ಲಿಷಿನಲ್ಲಿ ಸಂತೆ, ಪೇಟೆ ಎಂದರ್ಥ. ಅದರಿಂದ ಕವಲೊಡೆಯುವ ಓಣಿಗಳ ಹೆಸರುಗಳನ್ನು ನೋಡಿರಿ: ಬ್ರೆಡ್ ಸ್ಟ್ರೀಟ್, ಮಿಲ್ಕ್ ಸ್ಟ್ರೀಟ್, ವುಡ್ ಸ್ಟ್ರೀಟ್, ಐರನ್‌ಮಂಗರ್ ಲೇನ್. ರೊಟ್ಟಿಯ ಓಣಿ, ಹಾಲಿನ ಓಣಿ, ಕಟ್ಟಿಗೆಯ ಓಣಿ, ಕಬ್ಬಿಣದ ವ್ಯಾಪಾರಿಗಳ ಓಣಿ! ನಮ್ಮ ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆಗಳು ತಟ್ಟನೆ ನೆನಪಾದವು. ಕಾಯಕದ ಹೆಸರಿನಿಂದಲೇ ಬೀದಿಗೆ ಹೆಸರು ಬರುವುದು ಎರಡೂ ಕಡೆ ಒಂದೇ. ಆಯಾ ಕಸುಬಿನವರು ಕಟ್ಟಿಕೊಂಡ ಸಂಘಗಳು ಈ ನಗರಭಾಗದಲ್ಲಿ ಇಂದಿಗೂ ನೂರಕ್ಕೂ ಹೆಚ್ಚು ಇವೆ. 1666ರ ಸೆಪ್ಟೆಂಬರಿನಲ್ಲಿ ಪುಡಿಂಗ್ ಲೇನ್ ಎಂಬ ಓಣಿಯ ಬೇಕರಿಯೊಂದರಲ್ಲಿ ಹೊತ್ತಿದ ಬೆಂಕಿಗೆ ಇಲ್ಲಿಯ 13,200 ಮನೆಗಳೂ 87 ಚರ್ಚುಗಳೂ ಆಹುತಿಯಾದವು. ಆದರೂ ಊರನ್ನು ಮತ್ತೆ ಕಟ್ಟಿದವರು ಬೀದಿಗಳ ಹಳೆಯ ಜಾಡನ್ನೂ ಹೆಸರುಗಳನ್ನೂ ಬಹುಮಟ್ಟಿಗೆ ಉಳಿಸಿಕೊಂಡರು.

ಕ್ರಿಸ್ಟೋಫರ್ ರೆನ್ನರು ಕಟ್ಟಿದ ಸೇಂಟ್ ಪಾಲ್ಸ್ ಮಹಾಮಂದಿರವನ್ನು ಹೊರಗಿನಿಂದಲೇ ನೋಡಿ, ಥೇಮ್ಸ್ ನದಿಯ ಮೇಲಿನ ಮಿಲೆನಿಯಂ ಸೇತುವೆಗೆ ಬಂದೆವು. ಕಾಲ್ನಡಿಗೆಯವರಿಗೆಂದೇ ಕಟ್ಟಿದ ಈ ಸೇತುವೆ 2000ದ ಜೂನ್ 10ರಂದು ತೆರೆದಾಗ ಜನರ ಕಾಲ ಕೆಳಗೆ ತೂಗಾಡತೊಡಗಿತು. ಸೇತುವೆ ತುಸು ಅಲುಗಿದೊಡನೆ ನಡೆಯುವವರು ತಮಗರಿವಿಲ್ಲದೆ ಅದರ ತೂಗಿಗೆ ಹೆಜ್ಜೆ ಹೊಂದಿಸಿಕೊಳ್ಳುತ್ತಿದ್ದರು; ಅದರಿಂದ ತೂಗು ಇನ್ನೂ ಹೆಚ್ಚುತ್ತಿತ್ತು. ಎರಡೇ ದಿನಗಳಲ್ಲಿ ಅದನ್ನು ಮುಚ್ಚಿ, ಅಲುಗಾಟವನ್ನು ಹೀರುವ ಸಾಧನಗಳನ್ನು ಜೋಡಿಸಿ, 2002ರಲ್ಲಿ ಮತ್ತೆ ತೆರೆದರು. ಈಗ ಅದು ಕಲ್ಲಿನಂತೆ ನಿಶ್ಚಲ.

ಎರಡನೆಯ ದಿನ: ಪಂಪಿನ ಹಿಡಿಯೊಂದರ ಕಥೆ

ಸೋಹೋ ಎಂಬ ಭಾಗದಲ್ಲಿ ಬ್ರಾಡ್ವಿಕ್ ಸ್ಟ್ರೀಟ್ ಇದೆ. ಹಿಂದೆ ಬ್ರಾಡ್ ಸ್ಟ್ರೀಟ್ ಎನ್ನುತ್ತಿದ್ದರು. ಅಲ್ಲಿ ಹಿಡಿಯಿಲ್ಲದ ಒಂದು ನೀರಿನ ಪಂಪನ್ನು ಸ್ಮಾರಕವಾಗಿ ನಿಲ್ಲಿಸಿದ್ದಾರೆ. ಹೊಟೇಲು, ಅಂಗಡಿಗಳ ಗದ್ದಲದಲ್ಲಿ ಹೆಚ್ಚಿನವರು ಅದನ್ನು ನೋಡದೆಯೇ ಹೋಗುತ್ತಾರೆ. ಆದರೆ ಜಗತ್ತಿನ ಲಕ್ಷಾಂತರ ಜೀವಗಳನ್ನು ಉಳಿಸಿದ ಅರಿವು ಹುಟ್ಟಿದ ಸ್ಥಳಗಳಲ್ಲಿ ಅದೂ ಒಂದು.

1854ರಲ್ಲಿ ಈ ಓಣಿಗಳಲ್ಲಿ ಕಾಲರಾ ಬೇನೆ ಹರಡಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂದು ಆಗಿನ ದೊಡ್ಡ ವೈದ್ಯರ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯರು ಮಾತ್ರ ಮನೆಮನೆಗೆ ನಡೆದು, ಸತ್ತವರು ಎಲ್ಲಿಯ ನೀರು ಕುಡಿದಿದ್ದರೆಂದು ವಿಚಾರಿಸಿದರು. ಹೆಚ್ಚಿನವರು ಬ್ರಾಡ್ ಸ್ಟ್ರೀಟಿನ ಪಂಪಿನ ನೀರನ್ನೇ ಕುಡಿದಿದ್ದರು. ಅದೇ ಕೇರಿಯಲ್ಲಿ ಐನೂರಕ್ಕೂ ಹೆಚ್ಚು ಬಡವರಿದ್ದ ಆಶ್ರಯಗೃಹದಲ್ಲಿ ಸ್ವಂತ ಬಾವಿಯಿತ್ತು. ಅಲ್ಲಿ ಸತ್ತವರು ಐವರೇ. ಸ್ನೋ ಅವರ ಮಾತಿನಂತೆ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಬಿಚ್ಚಿದರು. ಅಲ್ಲಿಯ ಪಾದ್ರಿ ಹೆನ್ರಿ ವೈಟ್‌ಹೆಡ್ ಅವರು ಮೊದಲು ಈ ಮಾತನ್ನು ನಂಬಲಿಲ್ಲ. ಸುಳ್ಳೆಂದು ತೋರಿಸಲೆಂದೇ ತಾವೂ ಮನೆಮನೆಗೆ ನಡೆದರು. ಕೊನೆಗೆ ಸ್ನೋ ಅವರ ಮಾತೇ ನಿಜವೆಂದು ಒಪ್ಪಿದರು. ಪಂಪಿನ ಪಕ್ಕದ ಮನೆಯ ರೋಗಿ ಶಿಶುವಿನ ಬಟ್ಟೆ ತೊಳೆದ ನೀರು ಸೋರಿ ಬಾವಿಗೆ ಸೇರಿತ್ತೆಂಬುದನ್ನು ಕಂಡುಹಿಡಿಯಲು ದಾರಿ ಮಾಡಿದವರೂ ಅವರೇ. ಪೂರ್ವಗ್ರಹವನ್ನು ಬದಿಗಿಟ್ಟು ಕಂಡ ಸತ್ಯಕ್ಕೆ ತಲೆಬಾಗುವುದು ದೊಡ್ಡ ಗುಣ. ವೈದ್ಯ, ಪಾದ್ರಿ ಇಬ್ಬರ ಸಾಧನೆಯೂ ಕಾಲ್ನಡಿಗೆಯದೇ ಎಂಬುದನ್ನು ಗಮನಿಸಬೇಕು.

ಅಲ್ಲಿಂದ ಲೆಸ್ಟರ್ ಸ್ಕ್ವೇರ್, ಟ್ರಫಾಲ್ಗರ್ ಸ್ಕ್ವೇರ್‌ಗಳನ್ನು ದಾಟಿ ನದಿಯ ದಂಡೆಗೆ ಇಳಿದೆವು. ನಾರ್ತಂಬರ್‌ಲ್ಯಾಂಡ್ ಅವೆನ್ಯೂ ನದಿಯನ್ನು ಮುಟ್ಟುವಲ್ಲಿ ದಂಡೆಯ ಗೋಡೆಯಲ್ಲಿ ಮೀಸೆಯ ಮುಖವೊಂದಿದೆ. ಅದು ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಎಂಜಿನಿಯರರದು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯು ಊರಿನ ಕೊಳಚೆಯಿಂದ ಎಷ್ಟು ನಾರುತ್ತಿತ್ತೆಂದರೆ ಸಂಸತ್ತಿನ ಸದಸ್ಯರು ಸಭೆಯಲ್ಲಿ ಕೂಡುವುದೂ ದುಸ್ತರವಾಯಿತು. ಆಗ ಅವರು ಎಚ್ಚೆತ್ತು ಹಣ ಒದಗಿಸಿದರು. ಬ್ಯಾಜಲ್‌ಗೆಟ್ಟರು 82 ಮೈಲಿ, ಅಂದರೆ ಸುಮಾರು 132 ಕಿಲೋಮೀಟರು ಉದ್ದದ ಮುಖ್ಯ ಒಳಚರಂಡಿಗಳನ್ನು ಕಟ್ಟಿ, ಕೊಳಚೆ ನದಿಗೆ ಬೀಳುವ ಮೊದಲೇ ಅದನ್ನು ತಡೆದು ಊರಿನ ಪೂರ್ವಕ್ಕೆ ಸಾಗಿಸಿದರು. ನಾವು ನಡೆದ ವಿಕ್ಟೋರಿಯಾ ದಂಡೆಯ ರಸ್ತೆಯ ಕೆಳಗೇ ಅಂಥದೊಂದು ಕಾಲುವೆ ಹರಿಯುತ್ತಿದೆ. ಊರು ಬೆಳೆದಂತೆ ಅದೂ ಸಾಲದಾಯಿತು. ಮಳೆ ಬಂದಾಗ ಕೊಳಚೆ ಮತ್ತೆ ನದಿಗೆ ಉಕ್ಕುತ್ತಿತ್ತು. ಆದ್ದರಿಂದ 25 ಕಿಲೋಮೀಟರು ಉದ್ದದ ಹೊಸ ಸುರಂಗವೊಂದನ್ನು ಕೊರೆದು, 2025ರಲ್ಲಿ ಪೂರ್ಣವಾಗಿ ಜೋಡಿಸಿದ್ದಾರೆ. ನಮ್ಮ ಊರುಗಳ ಹಳ್ಳಕೊಳ್ಳಗಳು, ಕೆರೆಗಳು ಇಂದು ಯಾವ ಸ್ಥಿತಿಯಲ್ಲಿವೆ ಎಂಬುದನ್ನು ಬಲ್ಲವರು ಆ ಗೋಡೆಯ ಮುಖದ ಮುಂದೆ ತುಸು ಹೊತ್ತು ನಿಲ್ಲಬೇಕು. ಒಮ್ಮೆ ಸತ್ತ ನದಿಯನ್ನು ಬದುಕಿಸಬಹುದು. ಆದರೆ ಅದು ಒಂದು ತಲೆಮಾರಿನಲ್ಲಿ ಮುಗಿಯುವ ಕಾಯಕವಲ್ಲ.

ಮೂರನೆಯ ದಿನ: ಹೃದಯಗಳ ಗೋಡೆಯಿಂದ ಬಸವಣ್ಣನವರ ಸನ್ನಿಧಿಗೆ

ಮೂರನೆಯ ದಿನ ಸಂಸತ್ತಿನ ಮುಂದಿನ ಚೌಕದಿಂದ ಹೊರಟೆವು. ಅಲ್ಲಿ ಗಾಂಧೀಜಿಯವರ ಪ್ರತಿಮೆ 2015ರ ಮಾರ್ಚ್‌ನಿಂದ ನಿಂತಿದೆ. ಸ್ತ್ರೀಯರ ಮತದಾನದ ಹಕ್ಕಿಗಾಗಿ ಶ್ರಮಿಸಿದ ಮಿಲಿಸೆಂಟ್ ಫಾಸೆಟ್ ಅವರ ಪ್ರತಿಮೆ 2018ರಲ್ಲಿ ಸ್ಥಾಪಿತವಾಯಿತು; ಆ ಚೌಕದಲ್ಲಿ ಸ್ಥಾನ ಪಡೆದ ಮೊದಲ ಮಹಿಳೆ ಅವರೇ. ಹಸಿರು ಬಣ್ಣದ ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ದಾಟಿ ಬಲಕ್ಕೆ ತಿರುಗಿದರೆ ನದಿಗುಂಟ ಕಾಲುದಾರಿ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಸೇಂಟ್ ಥಾಮಸ್ ಆಸ್ಪತ್ರೆಯ ಉದ್ದನೆಯ ಗೋಡೆ. ಫ್ಲಾರೆನ್ಸ್ ನೈಟಿಂಗೇಲರು 1860ರಲ್ಲಿ ದಾದಿಯರ ಶಾಲೆಯನ್ನು ತೆರೆದದ್ದು ಇದೇ ಆಸ್ಪತ್ರೆಯ ಆಶ್ರಯದಲ್ಲಿ.

ಆ ಗೋಡೆಯ ತುಂಬ ಕೆಂಪು ಹೃದಯಗಳು. ಕೊರೋನಾ ಬೇನೆಯಲ್ಲಿ ತೀರಿಕೊಂಡವರ ಬಂಧುಗಳು 2021ರ ಮಾರ್ಚ್ ಕೊನೆಯಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಹೃದಯದಂತೆ ಇಲ್ಲಿ ಬರೆಯತೊಡಗಿದರು. ಸುಮಾರು ಅರ್ಧ ಕಿಲೋಮೀಟರು ಉದ್ದಕ್ಕೆ ಈಗ ಎರಡು ಲಕ್ಷಕ್ಕೂ ಮಿಕ್ಕಿ ಹೃದಯಗಳಿವೆ. ಕೆಲವದರೊಳಗೆ ಹೆಸರು, ಕೆಲವದರೊಳಗೆ "ಅಮ್ಮ", "ಅಜ್ಜ" ಎಂಬಷ್ಟೇ ಮಾತು. ಬಣ್ಣ ಮಾಸಿದವುಗಳಿಗೆ ಸ್ವಯಂಸೇವಕರು ಬಂದು ಮತ್ತೆ ಬಣ್ಣ ತುಂಬುತ್ತಾರೆ.

ನಮ್ಮ ಹಿರಿಯಣ್ಣನವರು 2021ರ ಮೇ ತಿಂಗಳಿನಲ್ಲಿ ಅದೇ ಬೇನೆಯಿಂದ ಲಿಂಗೈಕ್ಯರಾದರು. ಕೊನೆಯ ಸಲ ಮುಖ ನೋಡುವುದಕ್ಕೂ ನಮಗೆ ಆಗಲಿಲ್ಲ. ಹಣೆಗೆ ವಿಭೂತಿ ಧರಿಸಿ, ಕೈಯಾರೆ ಮಣ್ಣು ಹಾಕಿ, ವಿಧಿವತ್ತಾಗಿ ಸಮಾಧಿ ಕ್ರಿಯೆ ಮಾಡಲಿಲ್ಲವೆಂಬ ಕೊರಗು ನಾಲ್ಕು ವರ್ಷ ನಮ್ಮೊಳಗೆ ಉಳಿದಿತ್ತು. ಆ ಗೋಡೆಯ ಮುಂದೆ ಅದು ಕಣ್ಣೀರಾಗಿ ಹೊರಬಂದಿತು. ಅಲ್ಲಿ ಕುಂಚ ಹಿಡಿದು ಕುಳಿತಿದ್ದ ವೃದ್ಧೆಯೊಬ್ಬರು ನಮ್ಮನ್ನು ನೋಡಿ, ಯಾರನ್ನು ಕಳೆದುಕೊಂಡಿರೆಂದು ಮೆಲ್ಲಗೆ ಕೇಳಿದರು. ಹೇಳಿದೆವು. ಅವರು ಹೆಚ್ಚು ಮಾತನಾಡಲಿಲ್ಲ. ಕುಂಚವನ್ನು ನಮ್ಮ ಕೈಗೆ ಕೊಟ್ಟು, ಅಕ್ಷರ ಅಳಿದುಹೋದ ಒಂದು ಹೃದಯವನ್ನು ತೋರಿಸಿದರು. ಅದು ಯಾರದೋ ನಮಗೆ ತಿಳಿಯದು. ಇಬ್ಬರೂ ಸೇರಿ ಅದಕ್ಕೆ ಬಣ್ಣ ತುಂಬಿದೆವು. ಕಾಣದ ಯಾರದೋ ಮನೆಯವರಿಗಾಗಿ ಮಾಡಿದ ಆ ಸಣ್ಣ ಕೆಲಸ ನಮ್ಮ ಎದೆಯ ಭಾರವನ್ನು ಇಳಿಸಿದಷ್ಟು ಬೇರೆ ಯಾವ ಸಾಂತ್ವನವೂ ಇಳಿಸಿರಲಿಲ್ಲ.

ಗೋಡೆ ಮುಗಿಯುವಲ್ಲಿ ಕೆಂಪು ಬಣ್ಣದ ಲ್ಯಾಂಬೆತ್ ಸೇತುವೆ. ಅಲ್ಲಿ ರಸ್ತೆಯನ್ನು ದಾಟಿ ನದಿಗುಂಟ ಮುಂದುವರಿದರೆ ಆಲ್ಬರ್ಟ್ ದಂಡೆಯ ಉದ್ಯಾನ. ಈ ದಂಡೆಯನ್ನೂ ಕಟ್ಟಿಸಿದವರು ಹಿಂದಿನ ದಿನ ಗೋಡೆಯಲ್ಲಿ ಕಂಡ ಬ್ಯಾಜಲ್‌ಗೆಟ್ಟರೇ. ತಗ್ಗಿನಲ್ಲಿದ್ದ ಲ್ಯಾಂಬೆತ್ ಕೇರಿಗಳನ್ನು ನೆರೆಯಿಂದ ಕಾಯಲೆಂದು 1866ರಿಂದ 1869ರವರೆಗೆ ಕೆಲಸ ನಡೆಯಿತು. ಆ ಉದ್ಯಾನದಲ್ಲಿ, ತೆರೆದ ಆಕಾಶದ ಕೆಳಗೆ, ವಿಶ್ವಗುರು ಬಸವಣ್ಣನವರ ಪ್ರತಿಮೆ ಇದೆ. ಕಲಬುರಗಿ ಮೂಲದವರೂ ಲ್ಯಾಂಬೆತ್ ನಗರಾಡಳಿತದ ಮಾಜಿ ಮೇಯರರೂ ಆದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪಿತವಾದ ಈ ಪ್ರತಿಮೆಯನ್ನು ಪ್ರಧಾನಿ ನರೇಂದ್ರ ಮೋದಿಯವರು 2015ರ ನವೆಂಬರ್ 14ರಂದು ಅನಾವರಣಗೊಳಿಸಿದರು. ಡಾ. ಅಂಬೇಡ್ಕರ್ ಅವರು 1921–22ರಲ್ಲಿ ವಿದ್ಯಾರ್ಥಿಯಾಗಿ ವಾಸಿಸಿದ್ದ ಲಂಡನ್ನಿನ ಮನೆಯನ್ನು ಸ್ಮಾರಕವಾಗಿ ಉದ್ಘಾಟಿಸಿದ್ದೂ ಅದೇ ದಿನ.

ನಾವು ಪಾದರಕ್ಷೆ ಕಳಚಿ, ಶರಣು ಮಾಡಿ, ಎದುರಿನ ಬೆಂಚಿನಲ್ಲಿ ಕುಳಿತೆವು. ಇಲ್ಲಿ ಗುಡಿಯಿಲ್ಲ, ಗೋಪುರವಿಲ್ಲ, ಬಾಗಿಲು ಇಲ್ಲವೇ ಇಲ್ಲ. ಓಡುವ ಹುಡುಗರು, ಮಗುವನ್ನು ಗಾಡಿಯಲ್ಲಿ ತಳ್ಳುವ ತಾಯಂದಿರು, ಬೀದಿ ಗುಡಿಸುವವರು ಎಲ್ಲರೂ ಅದೇ ದಾರಿಯಲ್ಲಿ ಹಾಯುತ್ತಿದ್ದರು. ನದಿಯಾಚೆ ಸಂಸತ್ ಭವನ. ಆ ಸಭೆಗೆ ಸದಸ್ಯರನ್ನು ಆರಿಸುವ ಹಕ್ಕು ಅಲ್ಲಿಯ ಕೆಲವು ಸ್ತ್ರೀಯರಿಗೆ ದೊರೆತದ್ದು 1918ರಲ್ಲಿ, ಪುರುಷರಿಗೆ ಸಮನಾಗಿ ದೊರೆತದ್ದು 1928ರಲ್ಲಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣೆಯರು ಅನುಭವ ಮಂಟಪದಲ್ಲಿ ಸರಿಸಮನಾಗಿ ಕುಳಿತರೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹೆಮ್ಮೆ ಸಹಜವೇ. ಆದರೆ ಅರವಟ್ಟಿಗೆಯ ಬಟ್ಟಲು, ಕೂಲಿಕಾರನ ಮಗಳ ಫಲಕ, ವೃದ್ಧೆಯ ಕೈಯ ಕುಂಚ ಇವನ್ನೆಲ್ಲ ಕಂಡು ಬಂದ ನಮಗೆ ಅಲ್ಲಿ ಕುಳಿತಾಗ ಒಂದು ಪ್ರಶ್ನೆ ಎದ್ದಿತು: ಕಾಯಕವನ್ನೂ ದಾಸೋಹವನ್ನೂ ಕಲಿಸಿದ ಗುರುವಿನ ಮನೆಯವರಾದ ನಾವು ನಮ್ಮ ಬೀದಿ, ನಮ್ಮ ಕೆರೆ, ನಮ್ಮ ನೆರೆಯವರ ವಿಷಯದಲ್ಲಿ ಎಷ್ಟು ಮಾಡಿದ್ದೇವೆ? ಪ್ರತಿಯೊಂದು ಕುಟುಂಬವೂ ತಾನೇ ತನಗೆ ಉತ್ತರ ಕೊಟ್ಟುಕೊಳ್ಳಬೇಕಾದ ಪ್ರಶ್ನೆ ಇದು.

ಹೋಗುವವರಿಗೆ ಕೆಲವು ಸೂಚನೆಗಳು

ಹಾಲು, ಹಾಲಿನ ಪದಾರ್ಥಗಳನ್ನು ಭಾರತದಿಂದ ಒಯ್ಯಲು ಅಲ್ಲಿಯ ಕಾನೂನು ಬಿಡುವುದಿಲ್ಲ. ಮೊಮ್ಮಕ್ಕಳಿಗೆಂದು ಇಟ್ಟ ಪೇಡೆ, ಕುಂದಾಗಳ ಡಬ್ಬಿಯನ್ನು ಮನೆಯಲ್ಲಿಯೇ ಬಿಡಬೇಕು. ಸಸ್ಯಾಹಾರದ ಚಿಂತೆ ಬೇಡ. ಯೂಸ್ಟನ್ ನಿಲ್ದಾಣದ ಬಳಿಯ ಡ್ರಮಂಡ್ ಸ್ಟ್ರೀಟ್‌ನಲ್ಲಿ ಭಾರತೀಯ ಊಟದ ಮನೆಗಳಿವೆ. ಆದರೂ ಕೈಯಲ್ಲಿ ರೊಟ್ಟಿ, ಚಟ್ನಿಯ ಬುತ್ತಿ ಇದ್ದರೆ ಯಾವ ತೋಟದ ಬೆಂಚಿನಲ್ಲಾದರೂ ಊಟ ಮುಗಿಸಬಹುದು. ಆ ಬೆಂಚುಗಳಲ್ಲಿ ಅನೇಕವು ಅಗಲಿದ ಹಿರಿಯರ ನೆನಪಿಗೆ ಮನೆಯವರು ಮಾಡಿಸಿಕೊಟ್ಟವು. ಒರಗುವ ಹಲಗೆಯ ಮೇಲೆ ಅವರ ಹೆಸರಿರುತ್ತದೆ. ನಮ್ಮ ಊರುಗಳಲ್ಲಿಯೂ ಅನುಸರಿಸಬಹುದಾದ ಪದ್ಧತಿಯಿದು.

ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಶಾಶ್ವತ ಪ್ರದರ್ಶನಗಳಿಗೆ 2001ರಿಂದ ಪ್ರವೇಶಧನವಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ದ ಟಿಪ್ಪುವಿನ ಮರದ ಹುಲಿಯನ್ನು ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ ಕಾಣಬಹುದು. ಜೂನ್ ತಿಂಗಳಿನಲ್ಲಿಯೂ ಕೊಡೆ ಮತ್ತು ತೆಳುವಾದ ಸ್ವೆಟರು ಜೊತೆಗಿರಲಿ. ಕಾಲಿಗೆ ಹೊಸ ಬೂಟು ಬೇಡ, ಪಳಗಿದ ಜೋಡು ಲೇಸು. ದಿನಕ್ಕೆ ಒಂದು ದಾರಿ ಸಾಕು. ಮಧ್ಯಾಹ್ನಕ್ಕೆ ಒಂದು ತೋಟವನ್ನು ಮೊದಲೇ ಗೊತ್ತುಮಾಡಿಕೊಳ್ಳಿರಿ. ಮಗಳು ಬರೆದುಕೊಟ್ಟ ಮನೆಯ ವಿಳಾಸ, ದೂರವಾಣಿ ಸಂಖ್ಯೆ ಕಿಸೆಯಲ್ಲಿರಲಿ.

ಮಕ್ಕಳನ್ನು ನೋಡಲು ಹೋದ ಹಿರಿಯರು ಅವರು ಬದುಕುತ್ತಿರುವ ಊರನ್ನೂ ನೋಡಬೇಕು. ಅವರು ದಿನವೂ ತುಳಿಯುವ ದಾರಿಗಳನ್ನು ತಾವೂ ತುಳಿದಾಗ, ಸಂಜೆ ಊಟಕ್ಕೆ ಕುಳಿತಾಗ, ಮಾತನಾಡಲು ಎರಡೂ ಕಡೆ ಹೊಸ ವಿಷಯಗಳಿರುತ್ತವೆ. ನಮ್ಮ ಮಗಳು ಹನ್ನೊಂದು ವರ್ಷ ಆ ನಗರದಲ್ಲಿದ್ದರೂ ಪೋಸ್ಟ್‌ಮನ್ಸ್ ಪಾರ್ಕನ್ನು ನೋಡಿರಲಿಲ್ಲ. ಈಗ ಮೊಮ್ಮಗನನ್ನು ಕರೆದುಕೊಂಡು ಹೋಗಿ ಒಂದೊಂದು ಫಲಕವನ್ನೂ ಓದಿ ಹೇಳುತ್ತಿದ್ದಾಳೆ. ಓದುಗ ಬಂಧುಗಳ ಪಯಣಗಳೂ ಹೀಗೆಯೇ ಫಲ ಕೊಡಲಿ ಎಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.